ಮೂವತ್ತೆರಡನೆಯ ಕೋಳಿಯ ದೃಢೀಕರಣ

ದಿನಗೂಲಿ ನೌಕರರು ಯಾವುದಾದರೂ ಆಟದಲ್ಲಿ ಸಾಧನೆ ತೋರಿ, ಅದನ್ನು ವಿಡಿಯೋ ಕ್ಯಾಸೆಟ್ಟಿನ ಮೂಲಕ ರುಜುವಾತುಪಡಿಸಿದಲ್ಲಿ ಅವರನ್ನು ಖಾಯಂ ಮಾಡತಕ್ಕದ್ದು ಎಂಬ ಸುತ್ತೋಲೆ 1986ರ ಜೂನ್ ತಿಂಗಳಲ್ಲಿ ಜಗಳೂರಿನ ಕ್ರೀಡಾ ದಾಖಲಾತಿ ಕಚೇರಿಗೆ ಬಂದು ತಲುಪಿತು. ಯಾವ ಆಟ ಎಂದು ಅದರಲ್ಲಿ ಹೇಳಿರಲಿಲ್ಲ. ಹೇಳದಿದ್ದುದನ್ನು ಕೇಳುವ ಪದ್ಧತಿ ಕಚೇರಿಯಲ್ಲಿ ಇರಲಿಲ್ಲ.

ಓಬವ್ವ ಆ ಕಚೇರಿಗೆ ಹನ್ನೊಂದು ವರ್ಷದಿಂದ ನೀರು ಹೊರುತ್ತಿದ್ದಳು. ಪ್ರತಿವರ್ಷ ಮಾರ್ಚ್ ಮೂವತ್ತೊಂದಕ್ಕೆ ಅವಳನ್ನು ಕೆಲಸದಿಂದ ತೆಗೆದು ಏಪ್ರಿಲ್ ಎರಡಕ್ಕೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಏಪ್ರಿಲ್ ಒಂದರಂದು ಕಚೇರಿ ನೀರು ಕುಡಿಯುತ್ತಿರಲಿಲ್ಲ. ಖಾಯಂ ಆಗಬೇಕೆಂಬುದೊಂದೇ ಅವಳ ಆಸೆ. ಓಡೋಣವೆಂದರೆ ಮಂಡಿನೋವು. ಆದರೆ ಮದುವೆ ವಿಡಿಯೋ ತೆಗೆಯುವ ಮೂಕಪ್ಪನ ಮನೆಗೂ ಅವಳೇ ನೀರು ಹಾಕುತ್ತಿದ್ದಳು, ಅಲ್ಲಿ ಅವನ ಅಣ್ಣ ದುಬೈನಿಂದ ತಂದ ಆಟದ ಪೆಟ್ಟಿಗೆಯಿತ್ತು. ಟಿವಿಗೆ ಜೋಡಿಸಿದರೆ ಲಾರಿಗಳು ಓಡುತ್ತವೆ. ನಡುವೆ ಕೋಳಿಗಳನ್ನು ಒಂದೊಂದಾಗಿ ರಸ್ತೆ ದಾಟಿಸಬೇಕು. ಒಂದು ಸತ್ತರೆ ಆಟ ಮುಗಿಯಿತು. ಬಿಂದಿಗೆ ಇಳಿಸಿ ಕೂತಳೆಂದರೆ ಓಬವ್ವನಂಥ ಆಟಗಾರ್ತಿ ಸುತ್ತಲಿನ ತಾಲ್ಲೂಕುಗಳಲ್ಲೇ ಇರಲಿಲ್ಲ.

ಮೂಕಪ್ಪ ಪೆಟ್ಟಿಗೆಯ ತಂತಿಯನ್ನು ವಿಸಿಆರ್‌ಗೆ, ವಿಸಿಆರ್‌ನದನ್ನು ಟಿವಿಗೆ ಸಿಕ್ಕಿಸಿ, ಯಾರದೋ ಆರತಕ್ಷತೆಯ ಕ್ಯಾಸೆಟ್ಟಿನ ಮೇಲೆಯೇ ಅವಳ ಆಟವನ್ನು ರೆಕಾರ್ಡ್ ಮಾಡಿಕೊಟ್ಟ. ಮೂವತ್ತೊಂದು ಕೋಳಿಗಳು ದಾಟಿದವು. ಮೂವತ್ತೆರಡನೆಯದು ಹಳದಿ ಲಾರಿಗೆ ಸಿಕ್ಕಿತು.

ಸೂಪರಿಂಟೆಂಡೆಂಟ್ ತಿಪ್ಪೇರುದ್ರಸ್ವಾಮಿಯವರು ಕ್ಯಾಸೆಟ್ ನೋಡಿ ಸಂತೋಷಪಟ್ಟರು.

“ನಕಲು ಚೆನ್ನಾಗೈತೆ ಓಬವ್ವ. ಮೂಲ ತಗಂಡು ಬಾ. ತಾಳೆ ನೋಡಿ ಸಹಿ ಹಾಕ್ತೀನಿ.”

“ಮೂಲ ಅಂದ್ರೆ ಆಡಿದ್ದು ಸ್ವಾಮಿ. ಅದು ಆವತ್ತೇ ಮುಗೀತು.”

“ಮೂಲ ನೋಡ್ದೆ ಸಹಿ ಹಾಕಾಕೆ ಹೆಂಗೆ ಬರ್ತೈತೆ? ಇನ್ನೊಂದ್ಸಲ ಆಡು.”

ಕಚೇರಿಯಲ್ಲಿ ಎರಡು ಟಿವಿಗಳನ್ನು ಅಕ್ಕಪಕ್ಕ ಇಡಲಾಯಿತು. ಒಂದರಲ್ಲಿ ನಕಲು, ಇನ್ನೊಂದರಲ್ಲಿ ಓಬವ್ವ. ಲಾರಿಗಳು ಎರಡರಲ್ಲೂ ಅದೇ ಕ್ರಮದಲ್ಲಿ ಬಂದದ್ದು ಎಲ್ಲರ ಮೆಚ್ಚುಗೆ ಗಳಿಸಿತು. ಹುರುಪಿನಲ್ಲಿ ಓಬವ್ವ ನಲವತ್ತು ಕೋಳಿ ದಾಟಿಸಿಬಿಟ್ಟಳು. ಸಿಬ್ಬಂದಿ ಚಪ್ಪಾಳೆ ತಟ್ಟಿದರು. ತಿಪ್ಪೇರುದ್ರಸ್ವಾಮಿಯವರು ಕೆಂಪು ಪೆನ್ಸಿಲಿನಲ್ಲಿ ಬರೆದರು: “ಮೂಲದಲ್ಲಿ ಒಂಬತ್ತು ಕೋಳಿಗಳು ಹೆಚ್ಚುವರಿಯಾಗಿ ಜೀವಂತ ಕಂಡುಬಂದಿವೆ. ತಾಳೆಯಾಗಿಲ್ಲ. ತಿರಸ್ಕರಿಸಿದೆ.”

“ಹಂಗಾದ್ರೆ ನಲವತ್ತರದ್ದೇ ರೆಕಾರ್ಡ್ ಮಾಡಿಸ್ತೀನಿ ಸ್ವಾಮಿ.”

“ಮಾಡ್ಸು. ಅದಕ್ಕೂ ಮೂಲ ಬೇಕಾಗ್ತೈತೆ.”

ಓಬವ್ವನಿಗೆ ಅಳು ಬಂತು. ಆಮೇಲೆ ಹಟ ಬಂತು. ನಾಲ್ಕು ತಿಂಗಳು ಮೂಕಪ್ಪನ ಮನೆಯಲ್ಲಿ ಕೂತು ಮೂವತ್ತೆರಡನೆಯ ಕೋಳಿಯನ್ನು ಸಾಯಿಸುವುದನ್ನು ಕಲಿತಳು. ಅದು ಸುಲಭವಿರಲಿಲ್ಲ. ಹಳದಿ ಲಾರಿ ಬಂದರೆ ಸಾಕು, ಕೈ ತಾನಾಗಿ ಕೋಳಿಯನ್ನು ಉಳಿಸುತ್ತಿತ್ತು.

“ಕೈ ಕೇಳಲ್ಲಪ್ಪ ಮೂಕಪ್ಪ.”

“ಖಾಯಂ ಆದಂಗೆ ಅನ್ಕಂಡು ಸುಮ್ನೆ ನಿಂತ್ಕ ಅವ್ವ. ತಾನೇ ಬಂದು ಹೊಡಿತೈತೆ.”

ಡಿಸೆಂಬರಿನಲ್ಲಿ ಮತ್ತೆ ತಾಳೆ ನಡೆಯಿತು. ಎರಡು ಟಿವಿಗಳಲ್ಲೂ ಒಂದೇ ಗಳಿಗೆಗೆ, ಒಂದೇ ಲಾರಿಗೆ, ಒಂದೇ ಕೋಳಿ ಸತ್ತಿತು. ಕಚೇರಿ ಕುಣಿದಾಡಿತು. ತಿಪ್ಪೇರುದ್ರಸ್ವಾಮಿಯವರು ಕಣ್ಣೊರೆಸಿಕೊಂಡು ನಕಲಿನ ಮೇಲೂ, ಮೂಲವೆಂದು ಎರಡನೆಯ ಟಿವಿಯ ಗಾಜಿನ ಮೇಲೂ ಮೊಹರು ಒತ್ತಿದರು. ಓಬವ್ವ ಖಾಯಂ ಆದಳು.

ದೃಢೀಕರಣದ ಅವಧಿ ಒಂದು ವರ್ಷ ಮಾತ್ರವಾದ್ದರಿಂದ, ಪ್ರತಿ ಡಿಸೆಂಬರಿನಲ್ಲಿ ಆಕೆ ಮೂಲವನ್ನು ಹಾಜರುಪಡಿಸುತ್ತಾಳೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ದಿನಗೂಲಿಗಳು ಬಂದು ಎಲ್ಲಿ ನಿಲ್ಲಬೇಕೆಂದು ಅವಳಿಂದ ಕಲಿತು ಹೋಗುತ್ತಾರೆ. 1989ರಲ್ಲಿ ಮಾತ್ರ ಹಳೆಯ ಕೈಚಳಕ ಮರುಕಳಿಸಿ ಮೂವತ್ತೆರಡನೆಯ ಕೋಳಿ ಕ್ಷೇಮವಾಗಿ ರಸ್ತೆ ದಾಟಿತು. ಕಾರಣ ಕೇಳಿ ಅಂದೇ ನೋಟಿಸು ಬಂತು. ಓಬವ್ವ ಮೂಕಪ್ಪನ ಕೈಲಿ ಉತ್ತರ ಬರೆಸಿ ಹೆಬ್ಬೆಟ್ಟು ಒತ್ತಿದಳು:

“ತಪ್ಪಾಗೈತೆ ಸ್ವಾಮಿ. ಇನ್ನು ಮುಂದೆ ಬದುಕಿಸಲ್ಲ.”

ಉತ್ತರ ಸಮಂಜಸವೆಂದು ಅಂಗೀಕರಿಸಲಾಯಿತು.