ಸಿಕ್ಕಿಸಿದ ಪಿನ್ನಿನ ಪಂಚನಾಮೆ

ತೂತಿನೊಳಗಿದೆ, ಆದರೆ ತೂತಿನೊಳಗಿಲ್ಲ. ಮೈಮೇಲೆ ಮೊಹರಿದೆ, ಆದರೆ ಕಾಗದವಲ್ಲ. ಒಬ್ಬರ ಕಿವಿಗೆಂದು ಬಂದದ್ದು ಹದಿನೇಳು ಜನರ ಕಿವಿ ತುಂಬಿತು. ಏನದು?

ತಲೆ ಕೆರೆದುಕೊಳ್ಳಬೇಡಿ, ಬರುವುದಿಲ್ಲ. ಈ ಒಗಟು ಬಿಡಿಸಲು ಒಂದು ಇಡೀ ಕಚೇರಿ ಎಂಟು ತಿಂಗಳು ತೆಗೆದುಕೊಂಡಿತು, ಆಮೇಲೂ ಬಿಡಿಸಲಿಲ್ಲ.

ಸಂಗತಿ ಹೀಗಿದೆ. ಮೇ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ನಾಗರಿಕರ ಅಹವಾಲು ಕಚೇರಿಯ ಏಕೈಕ ಲ್ಯಾಪ್‌ಟಾಪ್, ತನಗೆ ಯಾವ ಹೆಡ್‌ಫೋನನ್ನೂ ಸಿಕ್ಕಿಸಿಲ್ಲವೆಂದು ಪರದೆಯ ಮೇಲೆ ಲಿಖಿತವಾಗಿ ಘೋಷಿಸಿತು. ಸದರಿ ಸಮಯದಲ್ಲಿ ಹೆಡ್‌ಫೋನಿನ ಪಿನ್ನು ಅದರ ಪಕ್ಕೆಯ ತೂತಿನಲ್ಲೇ ಇತ್ತು.

ಹೆಡ್‌ಫೋನ್ ಇದ್ದದ್ದು ನನ್ನ ಅತ್ತೆಯ ತಲೆ ಮೇಲೆ. ಅತ್ತೆ ಅಲ್ಲಿ ಆರು ವರ್ಷದಿಂದ ತಾತ್ಕಾಲಿಕ. ಜನ ಫೋನು ಮಾಡಿ ಹೇಳಿದ ದೂರುಗಳು ಧ್ವನಿಯಾಗಿ ಲ್ಯಾಪ್‌ಟಾಪಿನಲ್ಲಿ ಕೂತಿರುತ್ತವೆ. ಅತ್ತೆ ಅವನ್ನು ಕೇಳಿ ಟೈಪು ಮಾಡಬೇಕು. ಒಂದು ವರ್ಷದೊಳಗೆ ಮುನ್ನೂರು ಮಾಡಿದವರು ಖಾಯಂ. ಒಂದು ಸಲ ಅತ್ತೆ ಇನ್ನೂರ ತೊಂಬತ್ತೆಂಟರ ತನಕ ಹೋಗಿದ್ದರು, ಕರೆಂಟು ಹೋಯಿತು, ವರ್ಷವೂ ಹೋಯಿತು. ಈ ಸಲ ಮೇ ತಿಂಗಳಿಗೇ ನೂರ ತೊಂಬತ್ತು ಮುಗಿದಿತ್ತು. ಮನೆಯಲ್ಲಿ ಖಾಯಂ ಎಂಬ ಪದವನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ, ದೃಷ್ಟಿ ತಾಗೀತೆಂದು.

ಆ ಸೋಮವಾರ ದೂರು ಕಿವಿಗೆ ಬರುವ ಬದಲು ಲ್ಯಾಪ್‌ಟಾಪಿನ ಸ್ಪೀಕರಿನಿಂದ ಇಡೀ ಹಾಲಿಗೆ ಬಂತು. ಅತ್ತೆ ಎದ್ದು ಹೆಡ್ ಕ್ಲಾರ್ಕ್ ಹತ್ತಿರ ಹೋದರು. ಇವರಿಗೆ ಬೆನ್ನ ಹಿಂದೆ ಮೊಹರಪ್ಪ ಎಂದು ಹೆಸರು.

"ಸಾರ್, ಪಿನ್ನು ಹಾಕಿದೀನಿ. ಮೆಷಿನ್ನು ಹಾಕಿಲ್ಲ ಅಂತಿದೆ."

ಮೊಹರಪ್ಪನವರು ಕನ್ನಡಕ ಏರಿಸಿ ತೂತು ನೋಡಿದರು, ಇಳಿಸಿ ಪರದೆ ನೋಡಿದರು.

"ಬರಹದಲ್ಲಿ ಇಲ್ಲ ಅಂತಿದೆಯಲ್ಲಮ್ಮ."

"ಕಣ್ಣಿಗೆ ಕಾಣ್ತಿದೆಯಲ್ಲ ಸಾರ್!"

"ಕಣ್ಣಿಗೆ ಕಂಡಿದ್ದನ್ನೆಲ್ಲ ಫೈಲಿಗೆ ಹಾಕೋಕಾಗುತ್ತಾ? ಹಾಗೆ ಹಾಕಿದ್ರೆ ಈ ಕಚೇರಿ ಏನಾಗ್ಬೇಕು ಹೇಳಿ."

ಲ್ಯಾಪ್‌ಟಾಪ್ ಕಚೇರಿಯದ್ದು, ಆದ್ದರಿಂದ ಅದರ ಮಾತು ಕಚೇರಿಯ ಮಾತು. ಅತ್ತೆ ತಾತ್ಕಾಲಿಕ, ಆದ್ದರಿಂದ ಅವರ ಕಣ್ಣೂ ತಾತ್ಕಾಲಿಕ. ಯಂತ್ರದ ಹೇಳಿಕೆಯನ್ನು ಅಲ್ಲಗಳೆಯಲು ಪಂಚನಾಮೆಯೇ ಆಗಬೇಕೆಂದು ತೀರ್ಮಾನವಾಯಿತು. ಮಧ್ಯಾಹ್ನ ಇಬ್ಬರು ಸಾಕ್ಷಿಗಳು ಸಹಿ ಹಾಕಿದರು: "ಪಿನ್ನು ತೂತಿನಲ್ಲಿ ಇರುವುದನ್ನು ನಾವು ಸ್ವಂತ ಬೆರಳಿನಿಂದ ಮುಟ್ಟಿ ನೋಡಿರುತ್ತೇವೆ. ಅಲ್ಲಾಡಿಸಲಾಗಿ ಅಲ್ಲಾಡಿತು. ಎಳೆಯಲಿಲ್ಲ." ಆಮೇಲೆ ಸಾಕ್ಷ್ಯ ಕೆಡಬಾರದೆಂದು ಮೊಹರಪ್ಪನವರು ಅರಗು ಕರಗಿಸಿ, ಪಿನ್ನನ್ನೂ ತೂತನ್ನೂ ಸೇರಿಸಿ ಮೊಹರು ಒತ್ತಿದರು. ಅಲ್ಲಿಂದ ಮುಂದೆ ಪಿನ್ನು ಕೀಳುವುದು ಅಪರಾಧ.

ಫೈಲು ಉಗ್ರಾಣಕ್ಕೆ ಹೋಯಿತು. ಉಗ್ರಾಣದವರು ಮೊದಲು ಕೇಳಿದ್ದು, ಈ ಲ್ಯಾಪ್‌ಟಾಪಿನೊಳಗೆ ಓಡುತ್ತಿರುವುದು ಏನು ಎಂದು. ಲಿನಕ್ಸ್ ಅನ್ನೋ ತಂತ್ರಾಂಶ, ಎಂದರು ಅತ್ತೆ. ಎಷ್ಟು ಕೊಟ್ಟಿರಿ? ಏನೂ ಕೊಟ್ಟಿಲ್ಲ, ಪುಕ್ಕಟೆ ಸಿಗುತ್ತೆ. ಉಗ್ರಾಣದವರು ಪೆನ್ನು ಕೆಳಗಿಟ್ಟರು. ಬೆಲೆಯಿಲ್ಲದ್ದು ಆಸ್ತಿಯಲ್ಲ, ಆಸ್ತಿಯಲ್ಲದ್ದಕ್ಕೆ ನಂಬರಿಲ್ಲ, ನಂಬರಿಲ್ಲದ್ದು ಕೆಡುವುದಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿ, ಶುರುವಿನಲ್ಲಿ ಪರದೆಯ ಮೇಲೆ ಲಿನಕ್ಸಿನ ಗುರುತಾದ ಪೆಂಗ್ವಿನ್ ಒಂದು ಬಂದು ನಿಲ್ಲುವುದನ್ನು ಗಮನಿಸಿ, ಫೈಲನ್ನು ಪಶುವೈದ್ಯ ಇಲಾಖೆಗೆ ಅಭಿಪ್ರಾಯಕ್ಕಾಗಿ ಕಳಿಸಿದರು. ಆರು ವಾರದ ಮೇಲೆ ಉತ್ತರ ಬಂತು: "ಹಕ್ಕಿ ಆರೋಗ್ಯವಾಗಿದೆ. ಕಿವಿಯ ಭಾಗ ಚಿತ್ರದಲ್ಲಿ ಕಾಣುವುದಿಲ್ಲ."

ಈ ನಡುವೆ ಕೆಲಸ ನಿಲ್ಲುವಂತಿರಲಿಲ್ಲ. ದೂರನ್ನು ಒಂದೇ ಜೋಡಿ ಕಿವಿ ಕೇಳತಕ್ಕದ್ದು ಎಂದು ಹನ್ನೊಂದನೇ ನಿಯಮ. ಹಾಲಿನಲ್ಲಿ ಹದಿನೇಳು ಜೋಡಿ. ಕಚೇರಿಯ ಸಾಹೇಬರು ಸುತ್ತೋಲೆ ಹೊರಡಿಸಿದರು: "ದೂರು ಕೇಳಿಸಿದ ಸಿಬ್ಬಂದಿಗೆ ಅದು ಕೇಳಿಸಿಲ್ಲವೆಂದು ಭಾವಿಸತಕ್ಕದ್ದು." ಎಲ್ಲರೂ ಸಹಿ ಹಾಕಿದರು, ಕುರ್ಚಿಗಳನ್ನು ಹತ್ತಿರ ಎಳೆದುಕೊಂಡರು.

ಇಲ್ಲೊಂದು ವಿಷಯ ಹೇಳಲು ಮರೆತೆ. ದೂರುಗಳೆಲ್ಲ ಇದೇ ಕಚೇರಿಯ ಮೇಲೆ.

ಮೊದಲ ದಿನ ಒಬ್ಬ ಅಜ್ಜಿಯ ದನಿ ಬಂತು. "ಮೂರನೇ ಮೇಜಿನೋನು ಬಾಯಿ ತೆಕ್ಕೊಂಡು ನಿದ್ದೆ ಹೊಡೀತಿದ್ದ. ಎಬ್ಬಿಸಿದ್ರೆ ನಾಳೆ ಬಾ ಅಂದ. ನಾಳೆ ಹೋದ್ರೆ ಅದೇ ನಿದ್ದೆ ಮುಂದುವರಿದಿತ್ತಪ್ಪ!"

ಹದಿನಾರು ಜನ ಮೂರನೇ ಮೇಜಿನ ಕಡೆ ನೋಡಿದರು. ಮೂರನೇ ಮೇಜಿನವರು ಗಂಟಲು ಸರಿ ಮಾಡಿಕೊಂಡರು.

"ಮೇಡಂ, ನಿದ್ದೆ ಅಂತ ಹಾಕ್ಬೇಡಿ. ಕಣ್ಣು ಮುಚ್ಚಿ ಪರಿಶೀಲನೆ ಅಂತ ಹಾಕಿ."

"ಬಾಯಿ ತೆಕ್ಕೊಂಡು ಅಂತಾರಲ್ಲ ಅಜ್ಜಿ?"

"ಆಳವಾದ ಪರಿಶೀಲನೆ ಅಂತ ಹಾಕಿ."

"ಅದೇ ನಿದ್ದೆ ಮುಂದುವರಿದಿತ್ತು ಅಂದಿದ್ದಾರೆ."

"ನೋಡಿ, ಸತತ ಪರಿಶ್ರಮ! ಅಜ್ಜಿ ಒಳ್ಳೆಯವರು."

ಹೀಗೆ ತಿದ್ದುಪಡಿ ಎಂಬ ಪದ್ಧತಿ ಬಂತು. ಯಾರ ಮೇಲಿನ ದೂರೋ ಅವರೇ ಅದನ್ನು ತಿದ್ದುವುದು. ತಾನು ಮಾಡಿದ್ದು ತನಗಲ್ಲದೆ ದೂರುದಾರನಿಗೇನು ಗೊತ್ತು ಎಂಬುದು ಇದರ ಹಿಂದಿನ ತತ್ತ್ವ. ಟಪಾಲು ವಿಭಾಗದ ಅಕ್ಕನವರು ಮಾತ್ರ ಒಂದು ದಿನ ಕಣ್ಣೀರು ಹಾಕಿದರು. ಎರಡು ತಿಂಗಳಾದರೂ ಅವರ ಮೇಲೆ ಒಂದು ದೂರೂ ಬಂದಿರಲಿಲ್ಲ. "ಹಾಗಾದ್ರೆ ನಾನೇನು ಕೆಲಸ ಮಾಡ್ತಿದೀನಿ ಅಂತಾನಾ ಇವರ ಅರ್ಥ?" ಎಂದು ಮುಖ ಒರೆಸಿಕೊಂಡರು. ಎಲ್ಲರೂ ಸಮಾಧಾನ ಮಾಡಿದರು.

ಆದರೆ ತಿದ್ದುಪಡಿ, ಅದರ ಮೇಲೆ ಚರ್ಚೆ, ಚರ್ಚೆಗೆ ಚಹಾ ಎಂದು ಒಂದು ದೂರಿಗೆ ಒಂದು ವಾರ ಹಿಡಿಯತೊಡಗಿತು. ಆಗಸ್ಟ್ ನಡುವಿಗೆ ಅತ್ತೆಯ ಲೆಕ್ಕ ಇನ್ನೂರ ಮೂರು. ಮನೆಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂರುತ್ತಿದ್ದರು. "ಈ ವರ್ಷಾನೂ ನೆಗೆದು ಬಿತ್ತು ಕಣೋ," ಎಂದರು ಒಂದು ಸಂಜೆ. ಅಪ್ಪ "ಸುಮ್ನಿರೇ, ಇನ್ನೂ ನಾಲ್ಕು ತಿಂಗಳಿದೆ" ಎಂದು ಹೇಳಿ, ತಾವೇ ಬೆರಳು ಮಡಚಿ ಎಣಿಸಿ, ಒಳಗೆ ಹೋದರು.

ಅದೇ ವಾರ ರಿಪೇರಿಯವನು ಬಂದ. ಮೂರು ತಿಂಗಳ ಹಿಂದೆ ಕರೆದಿದ್ದರು, ಹೀಗಾಗಿ ಬೇಗ ಬಂದ ಎನ್ನಬೇಕು.

"ಮೊದಲು ಪಿನ್ನು ಕಿತ್ತು ಮತ್ತೆ ಹಾಕಿ," ಎಂದ.

ಮೊಹರಪ್ಪನವರು ಮೊಹರು ತೋರಿಸಿದರು. ರಿಪೇರಿಯವನು ಅರಗಿನ ಮೇಲೆ ಬೆರಳಾಡಿಸಿ, ಇಂಥದ್ದು ನೋಡಿಲ್ಲ ಸಾರ್ ಎಂದ. ಮೊಹರಪ್ಪನವರು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡರು. ಆಮೇಲೆ ಅವನು ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಕಿಟಕಿ ತೆರೆದು ಏನೋ ಟೈಪು ಮಾಡಿದ. ಪರದೆ ತುಂಬ ಉದ್ದುದ್ದ ಪಟ್ಟಿಗಳು ಎದ್ದು ನಿಂತವು. ಒಂದು ಪಟ್ಟಿ ಸ್ಪೀಕರಿನದು, ಒಂದು ಹೆಡ್‌ಫೋನಿನದು. ಹೆಡ್‌ಫೋನಿನ ಪಟ್ಟಿಯ ಬುಡದಲ್ಲಿ ಎರಡು ಎಂ ಅಕ್ಷರ ಕೂತಿದ್ದವು.

"ನೋಡಿ ಮೇಡಂ, ಎಂ ಅಂದ್ರೆ ಮ್ಯೂಟು, ಹೆಡ್‌ಫೋನಿನ ಬಾಯಿ ಕಟ್ಟಿದೆ. ಇಲ್ಲೊಂದು ಸಲ ಎಂ ಒತ್ತಿದ್ರೆ ಇದು ಬಿಚ್ಚುತ್ತೆ. ಆ ಕಡೆ ಹೋಗಿ ಇನ್ನೊಂದು ಸಲ ಎಂ ಒತ್ತಿದ್ರೆ ಸ್ಪೀಕರ್ ಮುಚ್ಚುತ್ತೆ. ಅಷ್ಟೇ."

"ಒತ್ತಪ್ಪ ಮತ್ತೆ!"

"ನಮ್ಮ ಕರಾರಿನಲ್ಲಿ ಲಿನಕ್ಸ್ ಇಲ್ಲ ಮೇಡಂ. ನೋಡಬಹುದು, ಒತ್ತೋ ಹಾಗಿಲ್ಲ."

ಅವನು ವರದಿ ಬರೆದ: "ದೋಷ ಪತ್ತೆಯಾಗಿದೆ. ಅದಕ್ಕೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ."

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಅತ್ತೆ ಎಂ ಒತ್ತಿದರು. ಎರಡು ಸಲ. ದೂರು ನೆಟ್ಟಗೆ ಕಿವಿಗೆ ಬಂತು. ಎರಡು ವಾರದಲ್ಲಿ ನಲವತ್ತೆಂಟು ದೂರು ಮುಗಿಸಿದರು, ಜನ ಹೇಳಿದ್ದನ್ನು ಹೇಳಿದ ಹಾಗೆಯೇ. ನಿದ್ದೆಗೆ ನಿದ್ದೆ, ಲಂಚಕ್ಕೆ ಲಂಚ. ಆ ಎರಡು ವಾರ ಅತ್ತೆ ಮನೆಯಲ್ಲಿ ಹಾಡು ಗುನುಗಿದ್ದನ್ನು ನಾನೇ ಕೇಳಿದ್ದೇನೆ.

ಕಚೇರಿಯ ಸ್ಥಿತಿ ಮಾತ್ರ ನೋಡುವಂತಿರಲಿಲ್ಲ. ಕೇಳಲು ಏನೂ ಇಲ್ಲದೆ ಇಬ್ಬರು ಕೆಲಸ ಮಾಡಿದರು. ಮೂರನೇ ಮೇಜಿನವರಿಗೆ ನಿದ್ದೆ ಬರಲಿಲ್ಲ. ಕೊನೆಗೆ ಸಾಹೇಬರು ಅತ್ತೆಯನ್ನು ಒಳಗೆ ಕರೆದರು.

"ಏನಮ್ಮಾ, ಕಚೇರಿ ದನಿ ಎಲ್ಲಿಟ್ಟಿದ್ದೀರಿ?"

"ಕಿವೀಲಿ ಸಾರ್. ನಿಯಮ ಹನ್ನೊಂದು."

"ನಿಯಮ ನನಗೂ ಗೊತ್ತು. ಆದ್ರೆ ಹೆಡ್‌ಫೋನ್ ಸಿಕ್ಕಿಸಿಲ್ಲ ಅಂತ ಮೆಷಿನ್ನು ಇವತ್ತಿಗೂ ಹೇಳ್ತಿದೆ. ಸಿಕ್ಕಿಸದೇ ಇರೋ ಹೆಡ್‌ಫೋನಲ್ಲಿ ನೀವು ಕೇಳಿದ್ದು ಹೇಗೆ? ನಲವತ್ತೆಂಟೂ ನೀವೇ ಕಲ್ಪಿಸಿಕೊಂಡು ಬರೆದಿರಬೇಕು."

ನಲವತ್ತೆಂಟೂ ರದ್ದಾದವು. ತಿದ್ದುಪಡಿಯಿಲ್ಲದ ದೂರು ಅಪೂರ್ಣ ದೂರು ಎಂದು ಹೊಸ ನಿಯಮ ಬಂತು. ಅತ್ತೆ ತಮ್ಮ ಮೇಜಿಗೆ ಬಂದು, ಎಲ್ಲರೂ ನೋಡುತ್ತಿರುವಾಗ, ಎಂ ಒತ್ತಿದರು. ಎರಡು ಸಲ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಟಪಾಲು ಅಕ್ಕನವರು ಅವರಿಗೊಂದು ಲೋಟ ಚಹಾ ತಂದುಕೊಟ್ಟರು. ಲೆಕ್ಕ ಮತ್ತೆ ಇನ್ನೂರ ಮೂರು.

ವರ್ಷದ ಕೊನೆಯ ದಿನ ಇನ್ನೂರ ಇಪ್ಪತ್ತೊಂದಾಗಿತ್ತು. ಸಾಯಂಕಾಲ ಐದಕ್ಕೆ ಐದು ನಿಮಿಷವಿರುವಾಗ ಸಾಹೇಬರು ಹಾಲಿಗೆ ಬಂದು, ಮೂವತ್ತೊಂದು ದೂರುಗಳನ್ನು ಹದಿನೇಳು ಜನ ಕೇಳಿದ್ದರಿಂದ, ಮೂವತ್ತೊಂದನ್ನು ಹದಿನೇಳರಿಂದ ಗುಣಿಸತಕ್ಕದ್ದೆಂದು ಆದೇಶ ಓದಿದರು. ಐನೂರ ಇಪ್ಪತ್ತೇಳು! ಮೊಹರಪ್ಪನವರು ಅದೇ ಅರಗನ್ನು ಕರಗಿಸಿ ಆದೇಶಕ್ಕೆ ಮೊಹರು ಒತ್ತಿದರು. ಅತ್ತೆ ಖಾಯಂ ಆದರು. ಪಿನ್ನು ಸಿಕ್ಕಿಸಿಲ್ಲವೆಂಬ ಯಂತ್ರದ ಹೇಳಿಕೆಯೂ ಸಿಕ್ಕಿಸಿದೆಯೆಂಬ ಪಂಚನಾಮೆಯೂ ಎರಡೂ ನಿಜವೆಂದು ಸರ್ವಾನುಮತದಿಂದ ಒಪ್ಪಲಾಯಿತು.

ಮೇಲಿನ ಪ್ಯಾರಾ ನಾನು ಕಟ್ಟಿದ್ದು. ಇನ್ನೂರ ಇಪ್ಪತ್ತೊಂದು ನಿಜ. ಐದು ಗಂಟೆಗೆ ಎಲ್ಲರೂ ಮನೆಗೆ ಹೋದರು, ಅದೂ ನಿಜ. ಉಳಿದದ್ದು ಆಗಲಿಲ್ಲ. ಜನವರಿ ಒಂದರಿಂದ ಅತ್ತೆ ಮತ್ತೆ ಒಂದನೇ ದೂರಿನಿಂದ ಶುರು ಮಾಡಿದ್ದಾರೆ. ಅರಗು ಸ್ವಲ್ಪ ಬಿರುಕು ಬಿಟ್ಟಿತ್ತಂತೆ, ಹೊಸದಾಗಿ ಹಾಕಿದರಂತೆ.

ಬರೆದದ್ದನ್ನು ಅತ್ತೆಗೆ ತೋರಿಸಿದೆ. ಪೂರ್ತಿ ಓದಿದರು. ಸುಳ್ಳಲ್ವಾ, ನೀವು ಖಾಯಂ ಆದ ಪ್ಯಾರಾ ಹೊಡೆದು ಹಾಕಲಾ ಎಂದು ಕೇಳಿದೆ.

"ಮುಟ್ಟಿದ್ರೆ ನೋಡು," ಎಂದರು. "ನನ್ನ ಮೇಲೆ ಬರೆದಿದ್ದು ತಾನೇ? ತಿದ್ದೋ ಹಕ್ಕು ನನ್ನದು. ಖಾಯಂ ಅಂತಾನೇ ಇರ್ಲಿ."