ಸಬೂತಿಗೆ ತಂದ ತತ್ತಿ

ತಾವು ಏನು ತಿನ್ನುವುದಿಲ್ಲ ಎಂಬುದರ ಮೇಲೆ ಜಂಬ ಕಟ್ಟಿಕೊಂಡು ಬದುಕುವ ಜನ ಲೋಕದಲ್ಲಿ ಬಹಳ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ತತ್ತಿ ಮುಟ್ಟಿದವರಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದವನು ನಾನು. ನನಗೆ ಗೊತ್ತಿರುವುದು ಮೂರೇ ತಲೆಮಾರು. ಉಳಿದ ನಾಲ್ಕನ್ನು ಮಾತಿನ ಭರದಲ್ಲಿ ಸೇರಿಸಿಕೊಂಡೆ. ಮೋಮಿನಪುರದ ಮಾಂಸದ ಖಾನಾವಳಿಗಳ ಮುಂದೆ ಹಾದುಹೋಗುವಾಗ ಹೆಗಲ ವಸ್ತ್ರದ ಚುಂಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. ಹೆಜ್ಜೆ ಮಾತ್ರ ಯಾಕೋ ಅಲ್ಲಿಗೆ ಬಂದಾಗ ಸ್ವಲ್ಪ ನಿಧಾನವಾಗುತ್ತಿತ್ತು, ಆ ಮಾತು ಬೇರೆ. ಇಂಥ ನಾನು ಒಂದು ತತ್ತಿಯ ಕಳ್ಳ. ತಿನ್ನಲಿಲ್ಲ, ಕದ್ದೆ ಅಷ್ಟೆ. ತಿಂದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ನಾನು ಕಲಬುರಗಿಯ ಜಂಗಲಾತ್ ಕಚೇರಿಯಲ್ಲಿ ಮುನ್ಷಿ. ನಿಜಾಮರ ಸರ್ಕಾರದಲ್ಲಿ ಕಾಡು ಕಾಯುವ ಇಲಾಖೆಗೆ ಆ ಹೆಸರು. ಕಾಡು ಕಾಯುವವರು ಬೇರೆ ಇದ್ದಾರೆ. ನಾನು ಕಾಡಿನ ಬಗ್ಗೆ ಬರೆಯುವವನು. ನನಗೆ ನಿತ್ಯ ಕಾಣುವ ಮರವೆಂದರೆ ನನ್ನ ಮೇಜಿನ ಸಾಗವಾನಿ ಹಲಗೆ. ಅದರ ಮೇಲೆ ಕೈಯೂರಿ ಕೂತರೆ ಹುಲಿ, ಕರಡಿ, ಹುಲ್ಲೆ ಎಲ್ಲವೂ ನನ್ನ ಲೇಖಣಿಯಿಂದ ಸಾಲಾಗಿ ಹೊರಬರುತ್ತಿದ್ದವು. ಹಿಂದಿದ್ದ ಸಾಹೇಬರು ನನ್ನ ಅಕ್ಷರವನ್ನು ನೋಡಿ ಸಹಿ ಹಾಕುತ್ತಿದ್ದರೇ ಹೊರತು ಅರ್ಥವನ್ನು ನೋಡುತ್ತಿರಲಿಲ್ಲ. ನನ್ನ ಗ್ರಹಚಾರ, ಅವರ ಜಾಗಕ್ಕೆ ಹೈದರಾಬಾದಿನಿಂದ ಹೊಸ ಸಾಹೇಬರು ಬಂದರು. ಅವರಿಗೆ ಪಕ್ಷಿಗಳ ಹುಚ್ಚು. ಕಾಗೆ ಕೂಗಿದರೂ ಕಿಟಕಿಗೆ ಎದ್ದು ಹೋಗುವ ಮನುಷ್ಯ.

ಆ ವರ್ಷ ಕಮಲಾಪುರದ ಹತ್ತಿರದ ಒಂದು ದೊಡ್ಡ ಹುಲ್ಲುಗಾವಲಿನ ಮೇಲೆ ಕಂದಾಯದವರ ಕಣ್ಣು ಬಿದ್ದಿತ್ತು. ಎರೆ ಭೂಮಿ, ಸುಮ್ಮನೆ ಹುಲ್ಲು ಬೆಳೆದು ನಿಂತಿದೆ, ಉತ್ತು ಹತ್ತಿ ಹಾಕಿಸಬಾರದೇಕೆ ಎಂದು ಅವರು ಕೇಳಿದ್ದರು. ಅಲ್ಲಿ ಎರೆಭೂತವೆಂಬ ಹಕ್ಕಿ ತತ್ತಿ ಇಡುತ್ತದಂತೆ, ಸುತ್ತಲಿನ ಸೀಮೆಯಲ್ಲಿ ಅದು ಮತ್ತೆಲ್ಲೂ ಉಳಿದಿಲ್ಲ, ಆ ನೆಲ ಮುರಿದರೆ ಅದರ ಸಂತಾನವೇ ಮುಗಿಯಿತು ಎಂದು ನಮ್ಮ ಸಾಹೇಬರು ಹಟ ಹಿಡಿದರು. ಕಮಲಾಪುರಕ್ಕೆ ಹೋಗಿ ನೋಡಿ ವರದಿ ಬರೆ ಎಂದು ನನಗೆ ಹೇಳಿದರು. ಮಳೆ ಹಿಡಿದಿತ್ತು. ದಾರಿಯೆಲ್ಲ ಕೆಸರು. ಹೋಗದೆಯೇ ಬರೆದರೆ ಹಕ್ಕಿಗೇನು ನಷ್ಟ ಎಂದುಕೊಂಡು, ಮಧ್ಯಾಹ್ನದ ಊಟವಾದ ಮೇಲೆ ಎರಡು ಪುಟ ಬರೆದೇಬಿಟ್ಟೆ. 'ಸದರಿ ಪಕ್ಷಿಯು ಸಂಜೆಯ ಹೊತ್ತು ಬೇವಿನ ಟೊಂಗೆಯ ಮೇಲೆ ಕುಳಿತು ಇಂಪಾಗಿ ಹಾಡುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ' ಎಂಬ ಸಾಲು ಬರೆದಾಗ ನನಗೇ ಕಣ್ಣು ತೇವವಾಯಿತು.

ಸಾಹೇಬರು ಆ ಸಾಲನ್ನು ಇಡೀ ಕಚೇರಿಗೆ ಕೇಳುವಂತೆ ಓದಿದರು. ಎರೆಭೂತ ಮೇಕೆಮರಿಗಿಂತ ಭಾರದ ಹಕ್ಕಿಯಂತೆ. ಹುಟ್ಟಿದಾಗಿನಿಂದ ಸಾಯುವವರೆಗೆ ಅದು ಮರ ಹತ್ತುವುದೇ ಇಲ್ಲವಂತೆ. ಹಾಡಂತೂ ದೂರದ ಮಾತು, ಅದು ಕೂಗಿದರೆ ಖಾಲಿ ಹರವಿಯೊಳಗೆ ಯಾರೋ ಗುಮ್ಮೆಂದ ಹಾಗೆ ಕೇಳುತ್ತದಂತೆ. ಜವಾನನಿಂದ ಹಿಡಿದು ಎಲ್ಲರೂ ನಕ್ಕರು. ಹನ್ನೊಂದು ವರ್ಷ ನನ್ನ ಅಕ್ಷರ ಹೊಗಳಿದ ಕಚೇರಿ ಅದು. ಸಾಹೇಬರು ಮಾತ್ರ ನಗಲಿಲ್ಲ. ಕಾಗದವನ್ನು ನನ್ನ ಕಡೆ ಸರಿಸಿ, "ಮುನ್ಷೀಜಿ, ಅಬ್ ಕಾಗಜ್ ನಕ್ಕೋ, ಸಬೂತ್ ಲಾವ್" ಎಂದರು. ಕಾಗದ ಸಾಕು, ಇನ್ನು ಪುರಾವೆ ತಾ ಎಂದು. ಅಂದು ಮನೆಗೆ ಬಂದವನು ಉಣ್ಣಲಿಲ್ಲ. ಹುಲ್ಲುಗಾವಲು ಉಳಿಯಲಿ ಬಿಡಲಿ, ನನ್ನ ಮಾನ ಉಳಿಯಬೇಕಿತ್ತು.

ಹೀಗೆ ನಾನು ಶ್ರಾವಣದಲ್ಲಿ ಎತ್ತಿನ ಬಂಡಿ ಕಟ್ಟಿಸಿಕೊಂಡು ಕಮಲಾಪುರಕ್ಕೆ ಹೋದೆ. ಎರಡು ದಿನ ಅಲೆದರೂ ಹಕ್ಕಿಯಿರಲಿ, ಅದರ ಪುಕ್ಕವೂ ಕಾಣಲಿಲ್ಲ. ಕಾಲಿಗೆ ಮೆತ್ತಿದ ಎರೆಮಣ್ಣು ಒಂದೊಂದು ಸೇರು ತೂಗುತ್ತಿತ್ತು. ಭೀಮವ್ವನನ್ನು ಕೇಳಿ ಎಂದು ಊರವರು ಹೇಳಿದರು. ಹುಲ್ಲು ಕೊಯ್ದು ಹೊರೆ ಮಾರುವ ಮುದುಕಿ, ಆ ನೆಲವನ್ನು ತನ್ನ ಅಂಗೈಯಂತೆ ಬಲ್ಲವಳು. ಅವಳು ಮೊದಲು ನನ್ನ ಹಣೆಯ ಮೇಲಿನ ವಿಭೂತಿ ನೋಡಿದಳು, ಆಮೇಲೆ ಮುಖ ನೋಡಿದಳು.

"ಯಪ್ಪಾ, ನೀವು ತತ್ತಿ ತಿನ್ನಂಗಿಲ್ಲಲ್ರಿ?" ಎಂದು ಕೇಳಿದಳು.

ನಾನು ಎದೆಯುಬ್ಬಿಸಿ ಏಳು ತಲೆಮಾರಿನ ಲೆಕ್ಕ ಒಪ್ಪಿಸಿದೆ.

"ಹಂಗಾರ ಬರ್ರಿ, ತೋರಿಸ್ತೀನಿ. ತಿನ್ನೋರಿಗೆ ನಾ ತೋರಿಸಂಗಿಲ್ಲ."

ನನ್ನ ಚಪ್ಪಲಿ ಬಿಡಿಸಿ ಕರೆದುಕೊಂಡು ಹೋದಳು. ಮೊಣಕಾಲೆತ್ತರದ ಹುಲ್ಲಿನ ನಡುವೆ ದನ ಹಾಯದ ಹಾಗೆ ಜಾಲಿಯ ಮುಳ್ಳು ಅಡ್ಡ ಹಾಕಿದ್ದಳು. ಅದರಾಚೆ ಬರಿಯ ನೆಲದ ಮೇಲೆ ಮಣ್ಣುಬಣ್ಣದ ಒಂದೇ ಒಂದು ತತ್ತಿ. ಗೂಡಿಲ್ಲ, ಹಾಸಿಗೆಯಿಲ್ಲ. ತಾಯಿಹಕ್ಕಿ ನಾವು ಬರುವುದನ್ನು ಕಂಡು ಎದ್ದು, ಹಾರದೆ, ಗೌಡಶಾನಿಯ ಹಾಗೆ ಗಂಭೀರವಾಗಿ ನಡೆದು ದೂರ ಹೋಗಿ ನಿಂತಿತು. ಹುಲ್ಲಿನ ಮೇಲೆ ಅದರ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಭೀಮವ್ವ ದನಿ ತಗ್ಗಿಸಿ, "ಕಣ್ಣಿಲೆ ನೋಡ್ರಿ, ಕೈ ಹಚ್ಚಬ್ಯಾಡ್ರಿ. ವರ್ಷಕ್ಕ ಒಂದೇ ಇಡ್ತದ ಪಾಪ" ಎಂದಳು. ನಾನು ಕಣ್ಣಿನಿಂದಲೇ ನೋಡಿದೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಹಳ ಸಂತೋಷವಾಯಿತು. ಅಷ್ಟಕ್ಕೇ ಬಿಟ್ಟು ಬಂದಿದ್ದರೆ ಈ ಪ್ರಬಂಧದ ಗರಜೇ ಇರುತ್ತಿರಲಿಲ್ಲ.

ಆ ರಾತ್ರಿ ನನ್ನೊಳಗಿನ ಮುನ್ಷಿ ಎಚ್ಚೆತ್ತ. ಕಂಡೆ ಎಂದು ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಬೇವಿನ ಟೊಂಗೆಯ ಮೇಲೂ ನಾನು ಕಣ್ಣಾರೆಯೇ ಕಂಡಿದ್ದೆನಲ್ಲ. ಸುಳ್ಳು ಬರೆದವನು ನಿಜಕ್ಕೆ ಎರಡು ಪಟ್ಟು ಸಾಕ್ಷಿ ತರಬೇಕಾಗುತ್ತದೆ. ಒಂದು ತತ್ತಿ ಹೋದರೂ ಇಡೀ ಹುಲ್ಲುಗಾವಲು ಉಳಿಯುತ್ತದೆ, ಬರುವ ವರ್ಷ ಹಕ್ಕಿ ಇನ್ನೊಂದು ಇಡುತ್ತದೆ, ಇದು ಸರ್ಕಾರದ ಕೆಲಸ. ಹೀಗೆ ಒಂದಕ್ಕೊಂದು ಜೋಡಿಸಿ ಒಳ್ಳೆ ದರಖಾಸ್ತಿನಂಥ ವಾದ ಕಟ್ಟಿಕೊಂಡೆ. ಬೆಳಿಗ್ಗೆ ಭೀಮವ್ವ ಹುಲ್ಲಿನ ಹೊರೆ ಹೊತ್ತು ಊರೊಳಗೆ ಹೋದದ್ದನ್ನು ನೋಡಿಕೊಂಡು ಹೋದೆ. ಮುಳ್ಳು ಸರಿಸಿದೆ. ತತ್ತಿ ಬೆಚ್ಚಗಿತ್ತು. ಕೈಯಲ್ಲಿ ಹಿಡಿದಾಗ ಹುಲ್ಲಿನ ಮೇಲೆ ಆ ಕುತ್ತಿಗೆ ಮತ್ತೆ ಕಾಣಿಸಿತು. ನಾನು ಆ ಕಡೆ ನೋಡದೆ ಬೇಗ ಬೇಗ ನಡೆದೆ.

ತತ್ತಿಯನ್ನು ತಲೆಯ ರುಮಾಲು ಬಿಚ್ಚಿ ಅದರಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂಡಿ ಹತ್ತಿದೆ. ದಾರಿಯುದ್ದಕ್ಕೂ ಒಂದೊಂದು ಕುಣಿ ಬಂದಾಗಲೂ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಉಸಿರು ಬಿಗಿಹಿಡಿಯುತ್ತಿದ್ದೆ. ನನ್ನ ಹೆಂಡತಿ ಬಸುರಿದ್ದಾಗ ಇದೇ ದಾರಿಯಲ್ಲಿ ಕರೆತಂದಿದ್ದೆ, ಆಗ ಇದರ ಕಾಲುಭಾಗ ಜೋಪಾನವನ್ನೂ ಮಾಡಿರಲಿಲ್ಲ. ಬರಿತಲೆಯಲ್ಲಿ ಕೂತ ನನ್ನನ್ನು ಕಂಡು ಬಂಡಿಯವನು ಗಂಟಿನಲ್ಲಿ ಏನೆಂದು ಕೇಳಿದ. ಬಾಯಿಗೆ ಬಂದದ್ದು ಪ್ರಸಾದ ಎಂಬ ಮಾತು. ಪಾಪ, ಅವನು ಬಂಡಿ ನಿಲ್ಲಿಸಿ, ಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಸ್ವಲ್ಪ ತನಗೂ ಕೊಡಿ ಎಂದ. ಮನೆಯಲ್ಲಿ ಪೂಜೆಯಾಗದೆ ಬಿಚ್ಚುವಂತಿಲ್ಲ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಂಬ ನಿಲ್ಲಿಸುವುದರಲ್ಲಿ ನಾನು ಪಳಗಿದವನು.

ಮನೆ ಮುಟ್ಟಿದ್ದು ಗುರುವಾರ ಸಂಜೆ. ಮರುದಿನ ಶುಕ್ರವಾರ, ನಿಜಾಮರ ಕಚೇರಿಗಳಿಗೆ ವಾರದ ಸೂಟಿ. ಒಂದು ದಿನ ತತ್ತಿಯನ್ನು ಎಲ್ಲಿಡುವುದು? ಜೋಳದ ಗಡಿಗೆಯೊಳಗೆ ಹುಗಿದಿಟ್ಟೆ. ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ನೀಲಮ್ಮ ಮಡಿಯುಟ್ಟು, ಬೀಸಲೆಂದು ಜೋಳಕ್ಕೆ ಕೈ ಹಾಕಿದಳು. ಅವಳು ಕಿರಿಚಲಿಲ್ಲ. ತತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ತಂದು, ಪೇಪರು ಓದುವವನಂತೆ ನಟಿಸುತ್ತಿದ್ದ ನನ್ನ ಮುಂದೆ ನಿಂತಳು. ಮೋಮಿನಪುರದಲ್ಲಿ ನನ್ನ ಹೆಜ್ಜೆ ನಿಧಾನವಾಗುವ ಸಂಗತಿ ಅವಳ ಕಿವಿಗೆ ಮೊದಲೇ ಬಿದ್ದಿತ್ತೆಂದು ಕಾಣುತ್ತದೆ.

ಇದು ಸರ್ಕಾರಿ ತತ್ತಿ ಎಂದೆ.

"ಸರ್ಕಾರ ಯಾವಾಗಿಂದ ತತ್ತಿ ಇಡಾಕತ್ತದ್ರಿ?" ಎಂದಳು.

ನಡೆದದ್ದನ್ನೆಲ್ಲ ಹೇಳಲೇಬೇಕಾಯಿತು. ಹುಲ್ಲುಗಾವಲು, ಹತ್ತಿ, ಸಾಹೇಬರು, ನನ್ನ ಮಾನ ಎಲ್ಲವನ್ನೂ ವಿವರಿಸಿ, ಇದರಿಂದ ಆ ಹಕ್ಕಿಗಳ ಕುಲವೇ ಉದ್ಧಾರವಾಗುತ್ತದೆ ಎಂದು ಮುಗಿಸಿದೆ. ಅವಳು ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದಳು.

"ಇದರ ತಾಯಿ ಈಗ ಎಲ್ಲಿ ಕುಂತದ?"

ಉರ್ದು, ಪಾರಸಿ, ಕನ್ನಡ ಮೂರರಲ್ಲೂ ಉತ್ತರ ಬರೆಯಬಲ್ಲ ಮುನ್ಷಿ ಪೇಪರಿನ ಪುಟ ತಿರುವಿಹಾಕಿದ. ಇವತ್ತೇ ಬಂಡಿ ಕಟ್ಟಿಸಿ ವಾಪಸು ಇಟ್ಟು ಬನ್ನಿ ಎಂದಳು. ನಾಳೆ ಕಚೇರಿ ಇದೆ ಎಂದೆ. ಅವಳು ಗಡಿಗೆಯ ಜೋಳವನ್ನೆಲ್ಲ ದನಕ್ಕೆ ಸುರಿದು, ಮನೆಯೆಲ್ಲ ಸಾರಿಸಿ, ನನ್ನನ್ನೂ ತತ್ತಿಯನ್ನೂ ಹೊರಗಿನ ಕಟ್ಟೆಯ ಮೇಲೆ ಕೂಡಿಸಿದಳು. ಶ್ರಾವಣ ಶುಕ್ರವಾರದ ಹೋಳಿಗೆಯೂ ಕಟ್ಟೆಗೇ ಬಂತು.

ಶನಿವಾರ ಸಾಹೇಬರು ತತ್ತಿಯನ್ನು ಕಂಡು ಕುರ್ಚಿಯಿಂದ ಎದ್ದರು. ಗೂಡು ಎಲ್ಲಿತ್ತು, ಎಷ್ಟು ತತ್ತಿ ಇದ್ದವು ಎಂದೆಲ್ಲ ಕೇಳಿದರು. ತಾಯಿ ಬಿಟ್ಟು ಹೋದದ್ದು ಎಂದೆ. ಅದೂ ಸುಳ್ಳು. ಕೆಡದಂತೆ ಇಡಲು ಜವಾನ ಸೂಜಿಯಿಂದ ತೂತು ಕೊರೆದು ಒಳಗಿನದನ್ನು ಹೊರಗೆ ತೆಗೆದ. ಅದರಲ್ಲಿ ಮರಿ ಮೂಡತೊಡಗಿದ್ದ ಕೆಂಪು ಎಳೆಗಳಿದ್ದವು. ಸಾಹೇಬರು ನನ್ನ ಮುಖ ನೋಡಿದರು. ನಾನು ಸಾಗವಾನಿ ಹಲಗೆಯನ್ನು ನೋಡಿದೆ. ಬರಿದಾದ ತತ್ತಿ ಹತ್ತಿಯ ಹಾಸಿಗೆಯ ಮೇಲೆ ಗಾಜಿನ ಬೀರುವಿನೊಳಗೆ ಕೂತಿತು. ಹುಲ್ಲುಗಾವಲನ್ನು ಹತ್ತಿಯಿಂದ ಉಳಿಸಲೆಂದು ತಂದದ್ದಕ್ಕೆ ಕಡೆಗೆ ಸಿಕ್ಕಿದ್ದು ಹತ್ತಿಯೇ. ಸಬೂತಿನ ವರದಿ ಹೈದರಾಬಾದಿನವರೆಗೂ ಹೋಯಿತು. ಆ ನೆಲ ಮುರಿಯಕೂಡದು, ಆ ಹಕ್ಕಿಯನ್ನು ಯಾರೂ ಮುಟ್ಟಕೂಡದು ಎಂದು ಹುಕುಂ ಬಂತು. ಅದನ್ನು ದುಂಡಗೆ ನಕಲು ಮಾಡಿದವನೂ ನಾನೇ. ಕಚೇರಿಯಲ್ಲಿ ನನ್ನ ಮಾನ ಮರಳಿ ಬಂತು.

ಕೆಲವು ತಿಂಗಳಾದ ಮೇಲೆ, ಕಲಬುರಗಿಯ ರೋಜಾ ದರ್ಗಾದಲ್ಲಿ ಉರುಸು ನಡೆದಿದ್ದಾಗ, ತನ್ನೂರ ಜನರ ಬಂಡಿಯಲ್ಲಿ ಭೀಮವ್ವ ಬಂದಳು. ದರ್ಗಾಕ್ಕೆ ಹೋಗಿ, ಹರಕೆಯ ಸಕ್ಕರೆಗೆ ಫಾತಿಹಾ ಓದಿಸಿ, ಕೇಳುತ್ತ ಕೇಳುತ್ತ ನಮ್ಮ ಕಚೇರಿಗೆ ಬಂದಿದ್ದಳು. ಸೆರಗಿನಲ್ಲಿ ನನಗೆಂದು ಕಮಲಾಪುರದ ಕೆಂಪು ಬಾಳೆಹಣ್ಣು. ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಕುರ್ಚಿಯನ್ನು ಅದರ ಮುಂದೆ ಸರಿಸಿಕೊಂಡು ಆದಷ್ಟು ಅಗಲವಾಗಿ ಕೂತೆ.

"ಯಾರೋ ತತ್ತಿ ಒಯ್ದಾರ್ರಿ ಯಪ್ಪಾ. ನೀವು ಹೋದ ದಿವಸನೇ. ಅದು ಎಂಟು ದಿನ ಅಲ್ಲಲ್ಲೇ ತಿರುಗ್ಯಾಡ್ತು, ಆಮ್ಯಾಲ ಹೋತು, ಬರ್ಲೇ ಇಲ್ಲ. ತಿನ್ನೋ ಮಂದಿನೇ ಯಾರೋ ಒಯ್ದಾರ. ನೀವು ತಿನ್ನೋರಲ್ಲ, ಅದಕ್ಕ ನಿಮ್ಮ ಕಡೆ ಬಂದೀನಿ. ಒಂದು ಕಾಗದ ಬರೀರಿ."

ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಅಕ್ಷರ ಎಂದೂ ಬರೆದಿರಲಿಲ್ಲ. 'ತತ್ತಿ ತಿನ್ನುವ ಯಾರೋ ಅಪರಿಚಿತರು' ಎಂದು ಬರೆದು ಓದಿ ಹೇಳಿದೆ. ಅವಳು ಹೆಬ್ಬೆಟ್ಟು ಒತ್ತಿದಳು. ಏಳುವಾಗ ನನ್ನ ಹೆಗಲ ಮೇಲಿನಿಂದ ಅವಳ ಕಣ್ಣು ಬೀರುವಿನೊಳಗೆ ಹೋಯಿತು. ಹತ್ತಿರ ಬಂದು, ಸೆರಗಿನ ತುದಿಯಿಂದ ಗಾಜು ಒರೆಸಿ, ಬಹಳ ಹೊತ್ತು ನೋಡಿದಳು. ಇದು ಎಲ್ಲಿಯದೆಂದು ಕೇಳಿದಳು.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದದ್ದು ಹೈದರಾಬಾದ್ ಎಂಬ ಮಾತು.

ಅವಳ ಮುಖ ಅರಳಿತು. "ಹಂಗಾರ ಅಲ್ಲೂ ಅದಾವೇನ್ರಿ? ಛಲೋ ಆತು ಬಿಡ್ರಿ. ನಮ್ಮ ಕಡೀದು ಹೋದ್ರೂ ಕುಲ ಉಳೀತು" ಎಂದು ಆ ತತ್ತಿಗೆ ಕೈಮುಗಿದಳು. ನನಗೂ ಮುಗಿದು ಹೋದಳು.

ಆ ಬಾಳೆಹಣ್ಣನ್ನು ನೀಲಮ್ಮ ನನ್ನ ತಾಟಿನ ಪಕ್ಕ ಇಟ್ಟಳು, ಎಲ್ಲಿಂದ ಬಂತೆಂದು ಕೇಳಿ ತಿಳಿದ ಮೇಲೆ ತೆಗೆದುಕೊಂಡು ಹೋಗಿ ದನಕ್ಕೆ ಹಾಕಿದಳು. ಭೀಮವ್ವನ ಕಾಗದದ ಮೇಲೆ ಸಾಹೇಬರು, 'ಮುನ್ಷಿಯೇ ತನಿಖೆ ಮಾಡತಕ್ಕದ್ದು' ಎಂದು ಬರೆದರು. ಅವರಿಗೆ ಏನು ಗೊತ್ತಿತ್ತೋ ದೇವರೇ ಬಲ್ಲ. ಮೂರು ಮಳೆಗಾಲ ಕಳೆದಿವೆ. ಹುಲ್ಲುಗಾವಲು ಸರ್ಕಾರದ ಕಾವಲಿನಲ್ಲಿ ಸೊಂಪಾಗಿ ಬೆಳೆದು ನಿಂತಿದೆ. ಹಕ್ಕಿ ಮಾತ್ರ ಬಂದಿಲ್ಲ. ಭೀಮವ್ವ ಇನ್ನೂ ಪ್ರತಿ ಶ್ರಾವಣದಲ್ಲಿ ಆ ಜಾಗದ ಸುತ್ತ ಮುಳ್ಳು ಹಾಕುತ್ತಾಳಂತೆ. ನಾನು ಪ್ರತಿ ವರ್ಷ ಆ ಕಡತ ತೆಗೆದು, ಕಳ್ಳ ಪತ್ತೆಯಾಗಿಲ್ಲ, ತನಿಖೆ ಮುಂದುವರಿದಿದೆ ಎಂದು ಬರೆದು ಕಟ್ಟಿಡುತ್ತೇನೆ.

ಈ ಸಲ ಬರೆಯಲು ಕೈ ಏಳಲಿಲ್ಲ. ಕಳ್ಳ ಒಪ್ಪಿಕೊಂಡೇ ತೀರಬೇಕು ಅನ್ನಿಸಿ, ಒಂದಕ್ಷರ ಬಿಡದೆ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಬರೆದು ಮುಗಿಸಿ ನೀಲಮ್ಮನಿಗೆ ಓದಿ ಹೇಳಿದೆ. ಈಗಲಾದರೂ ಮೆಚ್ಚುತ್ತಾಳೆಂದು ಮುಖ ನೋಡಿದೆ. ಅವಳು ಬೀಸುವ ಕಲ್ಲಿಗೆ ಜೋಳ ಸುರಿಯುತ್ತ, ಭೀಮವ್ವನಿಗೆ ಓದಲು ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಅದು ನನಗೆ ಬರೆಯಲು ಕೂರುವ ಮೊದಲೇ ಗೊತ್ತಿತ್ತು.