ಟವೆಲ್ಲಿನಡಿಯ ವ್ಯಾಪಾರ

ಕಂಪಲಾಪುರದ ನನ್ನ ಸೋದರಮಾವನಷ್ಟು ಮೊಂಡ ಮನುಷ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇಲ್ಲ! ಎತ್ತಿನ ದಲ್ಲಾಳಿಯಾಗಿ ಮೇಲೆ ಬಂದವನು ನಾನು. ಮೊಂಡೆತ್ತುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅವು ಹಿಂಡಿ ತೋರಿಸಿದರೆ ಎದ್ದು ನಿಲ್ಲುತ್ತವೆ. ಮಾವನಿಗೆ ಏನು ತೋರಿಸುವುದು?

ಹರೆಯದಲ್ಲಿ ಹೆಣ್ಣು ತೋರಿಸಿದ್ದರಂತೆ. ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಉಪ್ಪಿಟ್ಟು ತಿಂದು, "ನಮ್ಮನೇಲಿ ಇನ್ನೊಂದು ಮಂಚ ಹಾಕಕ್ಕೆ ಜಾಗ ಇಲ್ಲ ಕಣ್ರೀ" ಎಂದು ಎದ್ದು ಬಂದರಂತೆ! ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿ. ಊರವರು "ಸ್ನೇಹಿತರು" ಎನ್ನುತ್ತಾರೆ. ನನ್ನವ್ವ ಮಾತ್ರ, "ಅದು ಸಂಸಾರ ಕಣ್ಲಾ, ನಮ್ದಕ್ಕಿಂತ ನೆಟ್ಟಗೈತೆ" ಎನ್ನುತ್ತಿದ್ದಳು.

ಹೋದ ವರ್ಷ ಆ ಗೆಳೆಯನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. "ಎಪ್ಪತ್ತು ದಾಟಿದ ನಿಮ್ಮಿಂದ ಆಗಲ್ಲ, ಆಳಿಡಿ ಮಾವ" ಎಂದು ಬಿಟ್ಟಿ ಸಲಹೆ ಕೊಟ್ಟೆ. ಕೇಳುತ್ತಾರೆಯೇ? ನಡೆಸಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಮಾವ ಕಾಫಿ ಲೋಟವನ್ನು ದಿನಕ್ಕಿಷ್ಟು ದೂರ ಇಡತೊಡಗಿದರು. "ಬೇಕಾ? ಎದ್ದು ಬಾ!" ಲೋಟ ನಡುಮನೆ ದಾಟಿ, ಜಗಲಿ ದಾಟಿ, ಕೊನೆಗೆ ಬೀದಿಕಟ್ಟೆ ತಲುಪಿತು. ಇಬ್ಬರೂ ತಟ್ಟಾಡಿಕೊಂಡು ಹೋಗುವಷ್ಟರಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಾರೋ ಪುಣ್ಯಾತ್ಮ ಕುಡಿದು ಮುಗಿಸಿದ್ದ!

ಆಗ ಬಂದ ನೋಡಿ, ಹಂಪಾಪುರದಿಂದ ಗೆಳೆಯನ ಅಣ್ಣನ ಮಗ, ಕಾರು ತೆಗೆದುಕೊಂಡು.

"ನಮ್ ಚಿಕ್ಕಪ್ಪನ್ನ ನಾವು ನೋಡ್ಕೋತೀವಿ. ತಡಿಯಕ್ಕೆ ನೀವ್ಯಾರು?"

"ನಾನಿರೋಗಂಟ ಅವ್ನು ಈ ಹೊಸ್ತಿಲು ದಾಟೋದು ಕಾಫಿಗೆ ಮಾತ್ರ ಕಣಪ್ಪ!" ಎಂದರು ಮಾವ.

"ಅವ್ರನ್ನೇ ಕೇಳಾನ ಅಂದ್ರೆ ಮಾತೇ ಇಲ್ವಲ್ಲ!"

ಮಾತಿಲ್ಲದಿದ್ದರೆ ವ್ಯಾಪಾರವಿಲ್ಲವೇ? ಎತ್ತಿನ ಸಂತೆಯಲ್ಲಿ ನಾವು ಟವೆಲ್ಲಿನಡಿ ಕೈ ಹಾಕಿ, ಬೆರಳು ಹಿಡಿದೇ ಬೆಲೆ ಮುಗಿಸುತ್ತೇವೆ. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದಲ್ಲ! ಹೆಗಲ ಮೇಲಿನ ಟವೆಲ್ ತೆಗೆದು ಗೆಳೆಯನ ಎಡಗೈಗೆ ಹೊದಿಸಿದೆ. ಆಮೇಲೆ ನಾನು ಸುಳ್ಳು ಹೇಳಿದೆ ಎನ್ನಬಾರದೆಂದು ಅಣ್ಣನ ಮಗನ ಕೈಯನ್ನೇ ಒಳಗೆ ತೂರಿಸಿದೆ. "ಹಂಪಾಪುರಕ್ಕೆ ಓಯ್ತೀನಿ ಅಂದ್ರೆ ಒಂದು ಬೆರಳು ಹಿಡೀರಿ. ಇಲ್ಲೇ ಅಂದ್ರೆ ಇಡೀ ಕೈ."

ಟವೆಲ್ ಅಲುಗಿತು. ಬೆರಳೂ ಹಿಡಿಯಲಿಲ್ಲ, ಕೈಯೂ ಹಿಡಿಯಲಿಲ್ಲ. ಆ ಎಡಗೈ ಟವೆಲ್ಲಿನಿಂದಲೇ ಹೊರಗೆ ಬಂತು. ಗಾಳಿಯಲ್ಲಿ ತಡಕಾಡಿ, ಪಕ್ಕದಲ್ಲಿ ನಿಂತಿದ್ದ ಮಾವನ ಕೈಯನ್ನು, ಬಾಗಿಲಲ್ಲಿ ನೆರೆದ ಅರ್ಧ ಬೀದಿಯೆದುರು, ಬಿಗಿಯಾಗಿ ಹಿಡಿದುಕೊಂಡಿತು.

ಅಣ್ಣನ ಮಗ ಬರಿಗೈ ನೋಡಿಕೊಂಡು ಕಾರಿನ ಕಡೆ ನಡೆದ.

"ಬುಡ್ಲಾ, ಜನ ನೋಡ್ತಾವ್ರೆ" ಎಂದರು ಮಾವ, ತಮ್ಮ ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು.